ಉಪ್ಪುಕಾಗದ

ಮೊದಲ ದಿನ ನಾಲಿಗೆಗೆ ತಾಗಿಸಿ ನೋಡಿದ್ದೆ.
ಉಪ್ಪಿರಲಿಲ್ಲ. ಅಂಟಿನ ವಾಸನೆ, ಹಲ್ಲಿನ ಸಂದಿಗೆ ಒಂದು ಹರಳು.
ಕಾಳಾಚಾರ್ ನಗಲಿಲ್ಲ.
ಕತ್ತರಿ ತಂದು ನನ್ನ ಅಂಗಿಯ ತೋಳನ್ನು
ಮೊಣಕೈವರೆಗೆ ಕತ್ತರಿಸಿದರು, ಜಡೆ ಸುತ್ತಿ ಕಟ್ಟು ಎಂದರು.
"ಲೇತಿಗೆ ಕಣ್ಣಿಲ್ಲ ಮಗಾ. ನಾರು ಯಾವುದು, ಕೂದಲು ಯಾವುದು
ಅಂತ ಅದು ಕೇಳೋದಿಲ್ಲ."

ಅರಸೀಕೆರೆಯ ಗೂಡ್ಸ್ ಶೆಡ್ಡಿನ ಹಿಂದೆ
ತಗಡು ಹೊದ್ದ ಅಂಗಡಿ ನಮ್ಮದು.
ಹುಬ್ಬಳ್ಳಿ ಗಾಡಿ ಬಂದರೆ ಮೊದಲು ನೆಲ ಹೇಳುತ್ತದೆ,
ಆಮೇಲೆ ಉಳಿ, ಆಮೇಲೆ ಕಿವಿ.
ಉಳಿ ಎತ್ತಿ ಹಿಡಿದು ನಿಲ್ಲುತ್ತಾರೆ ಅವರು
ಬೋಗಿ ಎಣಿಸುವವರಂತೆ.
ಮರ ಸುಮ್ಮನೆ ತಿರುಗುತ್ತಿರುತ್ತದೆ.

ನನ್ನದು ಅದಾದ ಮೇಲಿನ ಕೆಲಸ.
ಉಳಿ ಆನಿಸುವ ಕಬ್ಬಿಣವನ್ನು ಕಳಚಿ ಪಕ್ಕಕ್ಕಿಡು.
ಕಾಗದ ಮೂರು ಮಡಿಕೆ ಮಡಿಸು, ಬೆರಳಿಗೆ ಸುತ್ತಬೇಡ.
ಕೆಳಗಿನಿಂದ ಹಿಡಿ. ಒತ್ತಬೇಡ.
ಬೆರಳು ಸುಟ್ಟರೆ ಮರವೂ ಸುಟ್ಟಿತು ಅಂತ ತಿಳಿ.
ಎಂಬತ್ತು, ನೂರಿಪ್ಪತ್ತು, ನೂರೆಂಬತ್ತು,
ಇನ್ನೂರಿಪ್ಪತ್ತು, ನಾನೂರು.
ಹಳೆಯದಾದ ಮಾತ್ರಕ್ಕೆ ಎಂಬತ್ತು ನೂರಿಪ್ಪತ್ತಾಗೋದಿಲ್ಲ, ಎಸೆ.
ಲೆಕ್ಕದಲ್ಲಿ ಹನ್ನೊಂದು ತೆಗೆದವಳು ನಾನು,
ಈ ಮಗ್ಗಿ ಮಾತ್ರ ಬಾಯಿಗೆ ಬಂತು.

ತಪ್ಪಿಸಿದ್ದು ಒಂದೇ ಸಲ, ಕಡೆಯ ಬಸ್ಸಿನ ಆತುರಕ್ಕೆ
ನೂರೆಂಬತ್ತನ್ನು ಹಾರಿಬಿಟ್ಟಿದ್ದೆ.
ತೊಟ್ಟಿಲ ಕಾಲು ನುಣ್ಣಗೇ ಕಂಡಿತ್ತು.
ಅರಗು ಹತ್ತಿದ್ದೇ ತಡ, ಒಳಗಿದ್ದ ಗೀರೆಲ್ಲ ಎದ್ದು
ಸಾಲಾಗಿ ನಿಂತವು, ಸಾಲ ಕೊಟ್ಟವರ ಹಾಗೆ.

ಶನಿವಾರದ ಮಧ್ಯಾಹ್ನ ಯಂತ್ರದ್ದು.
ಬೆಲ್ಟಿನ ಸಂದಿಯ ಹೊಟ್ಟಿಗೆ ಹಳೆ ಟೂತ್‌ಬ್ರಷ್ಷು.
ಹಾಸುಗಂಬಿಗೆ ಸೀಮೆಎಣ್ಣೆ, ಅದು ಸಿಗದ ಮೇಲೆ ಡೀಸೆಲ್ಲು,
ಒಣಗಿದ ಮೇಲೆ ಮೇಣದಬತ್ತಿಯ ತುಂಡು.
ಬೇರಿಂಗಿಗೆ ಎರಡು ಹನಿ. ಮೂರನೆಯದು ದೂಳಿಗೆ ಊಟ.
ಉಳಿ ಆನುವ ಅಂಚಿನಲ್ಲಿ ಒಂದು ಕಚ್ಚಿದ್ದರೆ
ಅದೇ ಕಚ್ಚು ನೂರು ಕಾಲಿನ ಮೇಲೆ ಏಳುತ್ತದೆ,
ಅರ ಹಾಕು.
"ಆಯುಧಪೂಜೆಗೆ ಮಾತ್ರ ಮೈ ಒರೆಸಿಕೊಂಡ ಲೇತು
ವರ್ಷಕ್ಕೊಂದೇ ದಿನ ನೆಟ್ಟಗೆ ತಿರುಗ್ತದೆ"
ಅನ್ನುತ್ತಾರೆ ಆಚಾರ್. ಕುಂಕುಮ ಇಡುವುದನ್ನೂ ಬಿಡುವುದಿಲ್ಲ.

ಮೊನ್ನೆ ಬಾಣಾವರದ ಚಿಕ್ಕತಾಯಮ್ಮ ಬಂದರು,
ಸೆರಗಿನಲ್ಲಿ ಮುರಿದ ಮಂತು.
ನಮ್ಮ ಕಡೆ ಕಡೆಗೋಲಿಗೆ ಮಂತು ಅಂತಾರೆ.
ಇದರ ಹಾಗೇ ಇನ್ನೊಂದು, ಎಂದರು.
ಆಚಾರ್ ಅದನ್ನು ಕೆನ್ನೆಗೆ ಒತ್ತಿಕೊಂಡರು.
ಅವರು ನುಣುಪು ನೋಡುವುದು ಅಲ್ಲೇ,
ಬೆರಳು ಎಂದೋ ಜಡ್ಡುಗಟ್ಟಿವೆ.
ಬಹಳ ಹೊತ್ತು ಹಾಗೇ ಇದ್ದು ನನ್ನ ಕೈಗಿತ್ತರು.

ನಡುವೆ ಹಗ್ಗ ಓಡಿ ಓಡಿ ಸವೆದ ತಗ್ಗು.
ಮಜ್ಜಿಗೆ, ಕೈಬೆವರು, ಅರೆನಿದ್ದೆಯ ಎಷ್ಟೋ ಬೆಳಗು.
ನನ್ನ ನಾನೂರು ಅದರ ಮುಂದೆ
ಜಲ್ಲಿ ಹಾಸಿದ ದಾರಿ.
ಯಾವ ನಂಬರಿನ ಕಾಗದ ಇದು, ಎಲ್ಲಿ ಸಿಗುತ್ತೆ?

ಹಲಸಿನ ತುಂಡು ಕಡೆದಾಯಿತು. ಐದೂ ಕಾಗದ ಆಯಿತು.
ತಗ್ಗಿನ ಜಾಗಕ್ಕೆ ಸೀಸದಕಡ್ಡಿಯಲ್ಲಿ ಎರಡು ಗೆರೆ ಎಳೆದು
ಉಳಿ ಕೊಡಿ ಎಂದೆ.
ಆಚಾರ್ ಸ್ವಿಚ್ಚು ಆರಿಸಿದರು.
"ಅದು ನಮ್ಮ ಕೆಲಸ ಅಲ್ಲ.
ಅದನ್ನ ಅವರೇ ಕಡೆದ್ಕೋತಾರೆ."

ನಿಂತ ಮರದ ಮೇಲೆ, ನಾರಿನ ಗುಂಟ,
ಕಡೆಯ ಸಲ ಉದ್ದಕ್ಕೆ ಉಜ್ಜಿದೆ.
ಗೆರೆ ಅಳಿಯಲು ನಾಲ್ಕು ಎಳೆತ ಸಾಕಾಯಿತು.

ಚಿಕ್ಕತಾಯಮ್ಮನಿಗೆ ಹಿಡಿಸಲಿಲ್ಲ.
"ಕೈಗೆ ಹತ್ತೋದಿಲ್ಲ ಇದು" ಎಂದರು.
"ಹತ್ತುತ್ತೆ" ಎಂದರು ಆಚಾರ್.
ಇಪ್ಪತ್ತು ರೂಪಾಯಿ ಕಮ್ಮಿ ಕೊಟ್ಟು ಹಳೆಯದನ್ನೂ ಒಯ್ದರು.

ನನಗೆ ಸೀನು ಬಂತು, ಟವೆಲ್ಲಿನ ತುಂಬ ಹಲಸಿನ ಹಳದಿ.
ಅಷ್ಟರಲ್ಲಿ ನೆಲ ಅದುರಿತು.
ಯಾರ ಕೈಲೂ ಉಳಿ ಇರಲಿಲ್ಲ.
ಆದರೂ ಇಬ್ಬರೂ
ಕೈ ಎತ್ತಿ ನಿಂತಿದ್ದೆವು.